ಅಬ್ಬಿಗೆರೆಯ ದಾರಿಯಲ್ಲಿ ಒಂದು ಹೊಸ ವಿದ್ಯೆ

ರೋಣದ ಸೀಮೆಯ ಅಬ್ಬಿಗೇರಿಯನ್ನು ಉತ್ತರ ಕರ್ನಾಟಕದ ವಾಚಕರು ಬಲ್ಲರು. ಅದಕ್ಕೆ ತೀರ ಹತ್ತಿರವಾದ ಹೆಸರುಳ್ಳ ಅಬ್ಬಿಗೆರೆಯೊಂದು ಬೆಂಗಳೂರಿನ ಅಂಚಿನಲ್ಲಿಯೂ ಉಂಟು. ಯಶವಂತಪುರವನ್ನು ಬಿಟ್ಟು ಜಾಲಹಳ್ಳಿಯ ದಾರಿ ಹಿಡಿದು, ಗಂಗಮ್ಮ ವೃತ್ತವನ್ನು ದಾಟಿ, ಕಮ್ಮಗೊಂಡನಹಳ್ಳಿಯನ್ನು ಹಿಂದಿಕ್ಕಿದರೆ ಈ ಊರು ಸಿಕ್ಕುವುದು. ಊರಿಗೊಂದು ಕೆರೆಯಿದೆ. ಆದರೆ ಕೆರೆಯ ಕೆಳಗಣ ಗದ್ದೆಯನ್ನೂ ರಾಗಿಯ ಹೊಲವನ್ನೂ ನೆನೆದು ಬರುವವನಿಗೆ ಇಲ್ಲಿ ಕಾಣುವ ನೋಟವೇ ಬೇರೆ. ಒತ್ತೊತ್ತಾಗಿ ಎದ್ದ ಮನೆಗಳು, ಅವುಗಳ ನಡುವೆ ತಗಡು ಹೊದಿಸಿದ ಕಾರ್ಖಾನೆಯ ಶೆಡ್ಡುಗಳು, ಬೆಳಗಾದರೆ ಲೇತ್ ಯಂತ್ರಗಳ ಸದ್ದು. ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ಆ ಕಡೆ ಪೀಣ್ಯದ ಕೈಗಾರಿಕಾ ಪ್ರದೇಶ. ಇವೆರಡರ ನೆರೆಯಲ್ಲಿದ್ದ ಹಳ್ಳಿಯು ಹಳ್ಳಿಯಾಗಿಯೇ ಉಳಿಯುವುದೆಂತು?

ಇಲ್ಲಿಂದ ಇನ್ನೂ ಮುಂದೆ ಸಾಗಿದರೆ ಚಿಕ್ಕಬಾಣಾವರ, ಸೋಲದೇವನಹಳ್ಳಿ, ಹೆಸರಘಟ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ಕೆರೆಯ ನೀರು ಸೋಲದೇವನಹಳ್ಳಿಗೆ ಹರಿದುಬಂದು, ಅಲ್ಲಿಂದ ಯಂತ್ರಬಲದಿಂದ ಬೆಂಗಳೂರಿಗೆ ಏರುತ್ತಿದ್ದಿತು. ಇಂದು ಅದೇ ದಾರಿಯಲ್ಲಿ ಹರಿಯುವುದು ವಿದ್ಯಾರ್ಥಿಗಳ ಪ್ರವಾಹ. ಕಾಲೇಜುಗಳು ಇಲ್ಲಿ ಹಲವು. ನಾಡಿನ ನಾನಾ ಜಿಲ್ಲೆಗಳಿಂದ ಬಂದ ಹುಡುಗರೂ ಹುಡುಗಿಯರೂ ಬಾಡಿಗೆಯ ಕೋಣೆಗಳಲ್ಲಿ ನಾಲ್ವರೈವರು ಕೂಡಿಕೊಂಡು ಓದುತ್ತಿರುವರು. ಅವರಲ್ಲಿ ಕೆಲವರು ಓದುವುದು ಜೀವತಂತ್ರಜ್ಞಾನ, ಅಂದರೆ ಬಯೋಟೆಕ್ನಾಲಜಿ.

ಇದೇನು ವಿದ್ಯೆಯೆಂದು ಗೃಹಿಣಿಯರು ಅಂಜಬೇಕಾದುದಿಲ್ಲ. ಹಾಲಿಗೆ ಹೆಪ್ಪು ಹಾಕುವಾಗಲೂ ದೋಸೆಯ ಹಿಟ್ಟನ್ನು ರಾತ್ರಿ ಹುಳಿಯಲು ಬಿಡುವಾಗಲೂ ನಾವು ಕಣ್ಣಿಗೆ ಕಾಣದ ಜೀವಿಗಳಿಂದ ಕೆಲಸ ಮಾಡಿಸಿಕೊಳ್ಳುತ್ತಿರುವೆವು. ಆ ಕೆಲಸವನ್ನೇ ಅಳತೆಯಿಂದಲೂ ಲೆಕ್ಕದಿಂದಲೂ ಮಾಡಿ ಔಷಧ, ಕಿಣ್ವ, ಗೊಬ್ಬರ ಮೊದಲಾದವನ್ನು ಪಡೆಯುವುದು ಈ ವಿದ್ಯೆಯ ದೊಡ್ಡ ಭಾಗ. ಕಷ್ಟವಿರುವುದು ಪ್ರಮಾಣದಲ್ಲಿ. ಬಟ್ಟಲಿನಲ್ಲಿ ಚೆನ್ನಾಗಿ ಆದುದು ಹಂಡೆಯಲ್ಲಿ ಆಗದು. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿ ಮಾಡಿದರೆ ಒಳಗಿನ ದ್ರವವು 8 ಪಟ್ಟಾಗುವುದು. ಕಾವನ್ನು ಹೊರಕ್ಕೆ ಬಿಡುವ ಹೊರಮೈಯಾದರೋ 4 ಪಟ್ಟು ಮಾತ್ರ. ಆದುದರಿಂದ ದೊಡ್ಡ ಪಾತ್ರೆಯ ಒಡಲಲ್ಲಿ ಕಾವು ನಿಂತುಬಿಡುವುದು, ಪ್ರಾಣವಾಯು ಮೂಲೆಮೂಲೆಗೆ ಮುಟ್ಟದು, ಜೀವಿಗಳು ಸೊರಗುವುವು. ಕಾಲೇಜಿನ ಗಾಜಿನ ಬುಡ್ಡಿಯಲ್ಲಿ ಗೆದ್ದ ವಿದ್ಯಾರ್ಥಿಯು ಕಾರ್ಖಾನೆಯ ಉಕ್ಕಿನ ಪಾತ್ರೆಯ ಮುಂದೆ ತಬ್ಬಿಬ್ಬಾಗುವುದು ಇದರಿಂದಲೇ.

ಈ ಕಂದಕವನ್ನು ಒಬ್ಬನೇ ದಾಟಲಾರನು. ಜೀವಿಯ ಸ್ವಭಾವವನ್ನು ಬಲ್ಲವನೊಬ್ಬನು ಬೇಕು. ಪಾತ್ರೆಯನ್ನೂ ಕಲಕುವ ಯಂತ್ರವನ್ನೂ ನೋಡಿಕೊಳ್ಳುವವಳೊಬ್ಬಳು ಬೇಕು. ಬಂದ ಪದಾರ್ಥವನ್ನು ಸೋಸಿ ಶುದ್ಧಿಗೊಳಿಸುವವರು ಬೇಕು. ಖರ್ಚು ಗಿಟ್ಟುವುದೇ, ಕಾಯಿದೆ ಒಪ್ಪುವುದೇ ಎಂದು ವಿಚಾರಿಸುವವರೂ ಬೇಕು. ಆದುದರಿಂದಲೇ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ತಂಡ ಕಟ್ಟಿ, ಕಂಪನಿಯೊಂದರ ನಿಜವಾದ ತೊಡಕನ್ನೇ ಅವರ ಮುಂದಿಡುವ ಪದ್ಧತಿ ಹುಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 1997ರಲ್ಲಿ ಸ್ಥಾಪಿತವಾದ ಕೆಕ್ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟಿನಲ್ಲಿ ಇಂತಹ ತಂಡದ ಕೆಲಸವು ಪದವಿಯ ಮುಖ್ಯ ಅಂಗವೇ ಆಗಿದೆ. ಬೆಂಗಳೂರಿನ ಬಯೋಕಾನ್ ಕಂಪನಿಯು 2014ರಲ್ಲಿ ಆ ಸಂಸ್ಥೆಯೊಡನೆ ಕೂಡಿ, ಕಾಲೇಜು ಮುಗಿಸಿದವರನ್ನು ಉದ್ಯಮಕ್ಕೆ ಅಣಿಗೊಳಿಸುವ ಶಿಕ್ಷಣಕ್ರಮವೊಂದನ್ನು ಇಲ್ಲಿಯೇ ತೊಡಗಿಸಿತು. ಆ ಕಂಪನಿಯಾದರೂ 1978ರಲ್ಲಿ ಕಿರಣ್ ಮಜುಂದಾರ್ ಅವರಿಂದ ಅತಿ ಸಣ್ಣದಾಗಿ ಆರಂಭವಾದುದು. ಅದರ ಮೊದಲ ಸರಕುಗಳಲ್ಲಿ ಒಂದು ಪರಂಗಿಯ ಕಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ.

ವಿದ್ಯಾಲಯವೂ ಉದ್ಯಮವೂ ಕೈಗೂಡಿಸುವುದು ನಮ್ಮ ನಾಡಿಗೆ ಹೊಸದಲ್ಲ. 1914ರಲ್ಲಿ ಮಹಾಯುದ್ಧವು ತೊಡಗಲು ಮೈಸೂರಿನ ಶ್ರೀಗಂಧಕ್ಕೆ ಜರ್ಮನಿಯ ಮಾರುಕಟ್ಟೆ ಮುಚ್ಚಿತು. ಕೊರಡುಗಳು ಮಾರಾಟವಿಲ್ಲದೆ ಉಳಿದುವು. ಆಗ ಯಶವಂತಪುರದ ಮಗ್ಗುಲಲ್ಲಿಯೇ ಇರುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಗಂಧದೆಣ್ಣೆಯನ್ನು ಭಟ್ಟಿಯಿಳಿಸುವ ಕ್ರಮವನ್ನು ಪ್ರಯೋಗಿಸಿ ನೋಡಿದರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ, ಸರಕಾರದ ಗಂಧದೆಣ್ಣೆಯ ಕಾರ್ಖಾನೆಯು ಬೆಂಗಳೂರಿನಲ್ಲಿ ನಡೆಯತೊಡಗಿತು. ಕೊರಡನ್ನು ಮಾರುತ್ತಿದ್ದ ನಾಡು ಎಣ್ಣೆಯನ್ನು ಮಾರುವಂತಾಯಿತು.

ಇನ್ನೂ ಹತ್ತಿರದ ನಿದರ್ಶನವು ಹೆಸರಘಟ್ಟದಲ್ಲಿದೆ. 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯು ತನ್ನ ತಳಿಗಳಿಗೆ ಅರ್ಕಾವತಿ ನದಿಯ ನೆನಪಿನಲ್ಲಿ ‘ಅರ್ಕಾ’ ಎಂದು ಹೆಸರಿಡುವುದು. ಅದು ಸಾರಜನಕವನ್ನು ಹಿಡಿದುಕೊಡುವ, ರಂಜಕವನ್ನು ಕರಗಿಸುವ, ಗಿಡದ ಬೆಳೆವಣಿಗೆಗೆ ನೆರವಾಗುವ ಸೂಕ್ಷ್ಮಜೀವಿಗಳನ್ನು ಒಂದೇ ಮಿಶ್ರಣದಲ್ಲಿ ಕೂಡಿಸಿದೆ. ಅದನ್ನು ತಯಾರಿಸುವ ಹಕ್ಕನ್ನು ಖಾಸಗಿ ಉದ್ಯಮಿಗಳಿಗೂ ಕೊಡುತ್ತಿದೆ. ಪ್ರಯೋಗಶಾಲೆಯ ಫಲವು ರೈತನ ಹೊಲವನ್ನು ಮುಟ್ಟುವುದು ಇಂತಹ ದಾರಿಯಿಂದ.

ಆದರೆ ದಾರಿಯಲ್ಲಿ ಮುಳ್ಳುಗಳೂ ಉಂಟು. ಕಂಪನಿಗೆ ಗುಟ್ಟು ಬೇಕು. ವಿದ್ಯಾರ್ಥಿಗೆ ಪ್ರಬಂಧ ಬೇಕು. ಕಂಡುದನ್ನೆಲ್ಲ ಬರೆದರೆ ಕಂಪನಿ ಮುನಿಯುವುದು, ಬರೆಯದಿದ್ದರೆ ಪರೀಕ್ಷಕನು ಮೆಚ್ಚನು. ಏನನ್ನು ಬರೆಯಬಹುದೆಂಬುದು ಮೊದಲ ದಿನವೇ ಕಾಗದದ ಮೇಲೆ ಇತ್ಯರ್ಥವಾಗಬೇಕು. ತಂಡದಲ್ಲಿ ದುಡಿಯುವವನೊಬ್ಬನು, ಹೆಸರು ಪಡೆಯುವವನು ಇನ್ನೊಬ್ಬನು ಆಗುವ ಭಯವೂ ಇದೆ. ಇದಕ್ಕೆ ಮದ್ದು ದಿನಚರಿಯ ಪುಸ್ತಕ: ಇಂದು ಯಾರು, ಯಾವ ಗಂಟೆಗೆ, ಏನನ್ನು ಅಳೆದರು, ಏನು ಕೆಟ್ಟಿತು ಎಂಬುದನ್ನು ಅಂದೇ ಬರೆದು ರುಜು ಮಾಡುವುದು. ಔಷಧದ ಕಾರ್ಖಾನೆಗಳಲ್ಲಿ ಬರೆಯದ ಕೆಲಸವು ಮಾಡದ ಕೆಲಸಕ್ಕೆ ಸಮಾನ. ಕೆಟ್ಟ ಪ್ರಯೋಗವನ್ನು ಮರೆಮಾಚದೆ ಬರೆಯುವ ಅಭ್ಯಾಸವೊಂದನ್ನು ಕಲಿತರೂ ಆ ಆರು ತಿಂಗಳು ಸಾರ್ಥಕವೇ.

ತಂದೆತಾಯಿಗಳಿಗೂ ಒಂದು ಮಾತು. ಸಾಲ ಮಾಡಿ ಮಕ್ಕಳನ್ನು ಓದಿಸುತ್ತಿರುವವರು ‘ಪ್ರಾಜೆಕ್ಟ್’ ಎಂಬ ಹೆಸರಿಗೆ ಮರುಳಾಗಬಾರದು. ಹಣ ತೆತ್ತರೆ ಸಿದ್ಧವಾದ ವರದಿಯನ್ನೇ ಕಟ್ಟಿಕೊಡುವವರು ಪಟ್ಟಣದಲ್ಲಿ ಇಲ್ಲದಿಲ್ಲ. ಅದು ಹೆಪ್ಪಿಲ್ಲದ ಹಾಲು. ಎಷ್ಟು ಹೊತ್ತು ಇಟ್ಟರೂ ಮೊಸರಾಗದು. ಕಂಪನಿಯಲ್ಲಿ ಮಗಳಿಗೆ ಕೆಲಸ ತೋರಿಸುವವರು ಯಾರು, ಅವಳು ಯಾವ ಯಂತ್ರವನ್ನು ತನ್ನ ಕೈಯಿಂದ ನಡೆಸುವಳು, ಕೊನೆಗೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ ಎಂದು ಕೇಳಿ ತಿಳಿಯುವುದು ಮನೆಯ ಹಿರಿಯರ ಹಕ್ಕು.

ಉತ್ತರಕ್ಕಾಗಿ ಕಾದಿರುವ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಕೊರತೆಯೂ ಇಲ್ಲ. ಕೊಳಚೆ ನೀರಿಗೆ ಗಾಳಿಯೂದಿ ಸೂಕ್ಷ್ಮಜೀವಿಗಳಿಂದಲೇ ಅದನ್ನು ತಿಳಿಗೊಳಿಸುವ ಕ್ರಮವು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾಯಿತು. ಅದಕ್ಕೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಅವರು ಬಳಿಕ ನಮ್ಮ ವಿಜ್ಞಾನ ಮಂದಿರಕ್ಕೆ ಬಂದು ಜೀವರಸಾಯನ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಇಂದು ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧಿಗೊಳಿಸಿದ ನೀರು ಜೊಂಡು ಬೆಳೆದ ಜೌಗುನೆಲದ ಮೂಲಕ ಹಾದು ಕೆರೆಯನ್ನು ಸೇರುತ್ತಿದೆ. ಸಣ್ಣ ಶೆಡ್ಡಿನ ಒಡೆಯನು ತನ್ನ ಎಣ್ಣೆಬೆರೆತ ನೀರನ್ನು ಕಡಿಮೆ ಖರ್ಚಿನಲ್ಲಿ ತಿಳಿಗೊಳಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನೆರೆಯ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳಿಗೆ ಒಪ್ಪಿಸಲಿ. ಒಡೆಯನಿಗೆ ಉಪಾಯ, ಮಕ್ಕಳಿಗೆ ವಿದ್ಯೆ, ಊರ ಕೆರೆಗೆ ಉಸಿರು: ಒಂದು ಕೆಲಸದಿಂದ ಮೂವರಿಗೂ ಲಾಭ. ದೂರದ ದೊಡ್ಡ ಕಂಪನಿಗಳ ಬಾಗಿಲನ್ನು ತಟ್ಟುವ ಮುನ್ನ ಅಬ್ಬಿಗೆರೆಯ ಬೀದಿಯಲ್ಲೊಮ್ಮೆ ನಡೆದು ನೋಡುವ ವಿದ್ಯಾರ್ಥಿಗೆ ಕೆಲಸವು ಕಾಲ ಬಳಿಯಲ್ಲಿಯೇ ದೊರೆಯುವುದು.