72 ಗಂಟೆ ಯಾರ ಲೆಕ್ಕ?

ಹೊನ್ನಾಳಿ. ಕಚೇರಿಯೊಂದರ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಐಎಸ್‌ಒ ಪ್ರಮಾಣಪತ್ರ. ಪಕ್ಕದಲ್ಲಿ ‘ನಮ್ಮ ಗುಣಮಟ್ಟ ನೀತಿ’ ಫಲಕ: ಗ್ರಾಹಕರ ತೃಪ್ತಿ, ನಿರಂತರ ಸುಧಾರಣೆ, ಅಡಚಣೆಯಿಲ್ಲದ ಸೇವೆ. ಅದರ ಕೆಳಗೆ ಕೌಂಟರ್, ಕೌಂಟರಿಗೆ ಅಂಟಿಸಿದ ಹಾಳೆಯಲ್ಲಿ ಸ್ಕೆಚ್ ಪೆನ್ನಿನ ಅಕ್ಷರ: ‘ಸರ್ವರ್ ಇಲ್ಲ’. ಹಾಳೆ ಹಳತಾಗಿ ಅಂಚು ಸುರುಳಿ ಸುತ್ತಿದೆ. ಅಂದರೆ ಪ್ರತಿ ಸಲ ಹೊಸದಾಗಿ ಬರೆಯುವುದಿಲ್ಲ, ಡ್ರಾಯರಿನಲ್ಲಿ ಎತ್ತಿಟ್ಟಿರುತ್ತಾರೆ. ಇದನ್ನು ಪೂರ್ವಸಿದ್ಧತೆ ಎನ್ನಬೇಕೋ ಏನೋ.

*

ಪ್ರಮಾಣಪತ್ರವನ್ನು ಐಎಸ್‌ಒ ಕೊಡುವುದಿಲ್ಲ. ಜಿನೀವಾದ ಆ ಸಂಸ್ಥೆ ಮಾನದಂಡ ಬರೆದು ಸುಮ್ಮನಾಗುತ್ತದೆ. ಬಂದು ನೋಡಿ ಪತ್ರ ಕೊಡುವ ಏಜೆನ್ಸಿಗಳು ಬೇರೆ. ಸಾಮಾನ್ಯವಾಗಿ ಮೂರು ವರ್ಷದ ಅವಧಿ, ನಡುವೆ ವರ್ಷಕ್ಕೊಂದು ತಪಾಸಣೆ. ಗುಣಮಟ್ಟದ 9001 ಬಂದದ್ದು 1987ರಲ್ಲಿ. ಕೆಲಸ ನಿಲ್ಲದಂತೆ ನೋಡಿಕೊಳ್ಳುವ 22301 ಬಂದದ್ದು 2012ರಲ್ಲಿ, ಪರಿಷ್ಕರಣೆ 2019ರಲ್ಲಿ. ಈ ಎರಡನೆಯದರಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ: ನಿಮ್ಮ ಯಾವ ಕೆಲಸ ಎಷ್ಟು ಹೊತ್ತು ನಿಂತರೆ ನಷ್ಟ ತಡೆದುಕೊಳ್ಳಲಾಗದಷ್ಟಾಗುತ್ತದೆ? ಮೊದಲು ಅದನ್ನು ಗೊತ್ತುಮಾಡಿ, ಆಮೇಲೆ ಉಳಿದ ಮಾತು.

ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸುತ್ತುವಾಗ ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ.

*

ಚನ್ನಗಿರಿ ಕಡೆಯ ಹಳ್ಳಿ, ಬೆಳಗಿನ ಹೊತ್ತು, ಹಾಲಿನ ಸೊಸೈಟಿ. ಸ್ಟೀಲ್ ಕ್ಯಾನು ಹಿಡಿದ ಹೆಂಗಸರ ಸಾಲು. ಕಾರ್ಯದರ್ಶಿ ಚಮಚದಷ್ಟು ಹಾಲನ್ನು ಯಂತ್ರಕ್ಕೆ ಇಡುತ್ತಾರೆ, ಕೆಂಪು ಅಂಕಿ ಮೂಡುತ್ತದೆ. ‘ಫ್ಯಾಟ್ ಚಲೋ ಐತಿ ಅಕ್ಕ, ಡಿಗ್ರಿ ಬಂದಿಲ್ಲ.’ ಡಿಗ್ರಿ ಎಂದರೆ ಹಾಲಿನ ಗಟ್ಟಿತನದ ಅಳತೆ. ಅಕ್ಕ ಅಂಕಿಯನ್ನಲ್ಲ, ಕಾರ್ಯದರ್ಶಿಯ ಮುಖವನ್ನು ನೋಡುತ್ತಾಳೆ. ‘ನಿನ್ನೆ ಬಂದಿತ್ತಲ್ಲ?’ ನಿನ್ನೆ ಹಸಿ ಮೇವು ಹಾಕಿದ್ದೆಯೋ ಒಣ ಹುಲ್ಲೋ, ಹಿಂಡಿ ಎಷ್ಟು ಹಾಕಿದೆ, ಎಲ್ಲ ವಿಚಾರಣೆ ಅಲ್ಲೇ ನಡೆಯುತ್ತದೆ. ಹಿಂದಿನವರು ಕ್ಯಾನು ಕೆಳಗಿಟ್ಟು ಕಿವಿ ಕೊಡುತ್ತಾರೆ. ಪ್ರತಿ ಕ್ಯಾನಿಗೂ, ದಿನಕ್ಕೆರಡು ಸಲ, ಹಾಲು ಹಾಕಿದವರ ಎದುರಿಗೇ ನಡೆಯುವ ತಪಾಸಣೆ. ಇಷ್ಟು ಬಿಗಿಯಾದ ಗುಣಮಟ್ಟ ಪರೀಕ್ಷೆಯನ್ನು ದೊಡ್ಡ ಕಾರ್ಖಾನೆಯಲ್ಲೂ ನಾನು ಕಂಡಿಲ್ಲ. ಗೋಡೆಯ ಮೇಲೆ ನೀತಿ ಫಲಕ ಮಾತ್ರ ಇಲ್ಲ. ಬಟವಾಡೆ ದಿನದ ಸೂಚನೆ ಇದೆ, ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆಯಿರಿ ಎಂಬ ಚಿತ್ರ ಇದೆ.

ಇಲ್ಲಿ ಆ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಕರೆದ ಹಾಲಿಗೆ ಹಸುವಿನ ಮೈಬಿಸಿ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ನಾಲ್ಕು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ಇಳಿಯದಿದ್ದರೆ ಒಡೆಯುತ್ತದೆ. ಅದಕ್ಕೇ ಶೀತಲೀಕರಣ ಟ್ಯಾಂಕು, ಅದರ ಹಿಂದೆ ಡೀಸೆಲ್ ಜನರೇಟರ್. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿ ಹಾಲು ಕೇಳುವವರಿಲ್ಲದಾಗಲೂ ಹಳ್ಳಿಗಳಲ್ಲಿ ಹಸು ಕರೆಯುವುದು ನಿಲ್ಲಲಿಲ್ಲ. ಉಳಿದ ಹಾಲನ್ನು ಸರ್ಕಾರ ಕೊಂಡು ಏಪ್ರಿಲ್‌ನಲ್ಲಿ ಬಡವರಿಗೆ ಉಚಿತವಾಗಿ ಹಂಚಿತು.

*

ಈಗ ಕರೆಂಟಿನ ಲೆಕ್ಕ. ವಿದ್ಯುತ್ ಕಂಪನಿಗಳು ಎಷ್ಟು ಹೊತ್ತಿನಲ್ಲಿ ಏನು ಸರಿಮಾಡಬೇಕು ಎಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲೇ ಕಟ್ಟಳೆ ಮಾಡಿತು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಗರ ಪಟ್ಟಣಗಳಲ್ಲಿ 24 ಗಂಟೆಯೊಳಗೆ, ಹಳ್ಳಿಗಳಲ್ಲಿ 72 ಗಂಟೆಯೊಳಗೆ.

ದಾರಿ ದೂರ, ಸಾಗಾಟ ಕಷ್ಟ, ಅದು ಒಪ್ಪತಕ್ಕ ಮಾತು. ನನಗೆ ತಿಳಿಯದಿರುವುದು ಬೇರೆ. ಇದು ಕಂಪನಿಗೆ ಎಷ್ಟು ಹೊತ್ತು ಬೇಕು ಎಂಬ ಲೆಕ್ಕ. ಹಳ್ಳಿ ಎಷ್ಟು ಹೊತ್ತು ತಡೆದುಕೊಂಡೀತು ಎಂಬ ಲೆಕ್ಕ ಎಲ್ಲಿದೆ? ಹಾಲು ತಡೆಯುವುದು ಐದಾರು ಗಂಟೆ. ಐದಾರಕ್ಕೂ ಎಪ್ಪತ್ತೆರಡಕ್ಕೂ ನಡುವಿನದನ್ನು ಸೊಸೈಟಿಯ ಡೀಸೆಲ್ ತುಂಬುತ್ತದೆ. ಕಂಪನಿ ಗಡುವಿನೊಳಗೇ ಇದೆ, ಸೊಸೈಟಿಯೂ ಹಾಲು ಕೆಡಿಸಲಿಲ್ಲ. ತಪಾಸಣೆಗೆ ಬಂದವರು ಇಬ್ಬರ ಕಡತಕ್ಕೂ ‘ಸರಿ’ ಎಂದು ಗುರುತು ಹಾಕಬಹುದು. ಡೀಸೆಲ್ ಬಿಲ್ಲು ಯಾವ ಕಡತದಲ್ಲಿ?

(ಈಚಿನ ವರ್ಷಗಳಲ್ಲಿ ಟ್ರಾನ್ಸ್‌ಫಾರ್ಮರ್ ಬ್ಯಾಂಕ್ ಮಾಡಿ ಹಳ್ಳಿಗೂ 24 ಗಂಟೆಯೊಳಗೆ ಬದಲಿ ಕೊಡುತ್ತೇವೆ ಎಂಬ ಮಾತು ಬಂದಿದೆ. ಒಳ್ಳೆಯ ಮಾತು.)

*

ಅಡಿಕೆಯ ಗಡಿಯಾರ ಇನ್ನೊಂದು ಬಗೆ. ಚನ್ನಗಿರಿಯಲ್ಲಿ ಒಣಗಿದ ರಾಶಿ ಅಡಿಕೆ ಚೀಲ ಕಟ್ಟಿ ಇಟ್ಟರೆ ತಿಂಗಳುಗಟ್ಟಲೆ ಕಾಯುತ್ತದೆ. ಧಾರಣೆ ಏರಲಿ ಎಂದು ಬೇಕೆಂದೇ ಕಾಯಿಸುತ್ತಾರೆ. ಆದರೆ ಕೊಯ್ದ ಹಸಿ ಗೊನೆ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಹಾಕಬೇಕು. ಸುಲಿಯುವ ಯಂತ್ರ ಬಂದ ಮೇಲೆ ಅದೂ ಕರೆಂಟಿನ ಕೈಗೆ ಹೋಗಿದೆ. ಒಂದೇ ಬೆಳೆ, ಕೊಯ್ಲಿನಲ್ಲಿ ಆತುರ, ಮಾರಾಟದಲ್ಲಿ ನಿಧಾನ. ಎಷ್ಟು ಹೊತ್ತು ನಿಲ್ಲಬಹುದು ಎಂದು ಅಡಿಕೆಯವರನ್ನು ಕೇಳಿದರೆ ‘ಯಾವಾಗ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಮಾನದಂಡದ ಪುಸ್ತಕಕ್ಕಿಂತ ಜಾಣರು.

*

ನ್ಯಾಮತಿ. 1997ರ ತನಕ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು, ಹೊನ್ನಾಳಿ ಅತ್ತ ಹೋಯಿತು. 2018ರ ಹೊತ್ತಿಗೆ ನ್ಯಾಮತಿಯೇ ತಾಲ್ಲೂಕು. ಇಲ್ಲಿನ ಒಬ್ಬ ರೈತನ ಮನೆಯ ಲೆಕ್ಕ ಬರೆದುಕೊಂಡೆ. ಕರೆಂಟು ಬೆಸ್ಕಾಂನದು, ಅಂದರೆ ಬೆಂಗಳೂರಿನ ಕಂಪನಿ. ಮುಕ್ಕಾಲು ಗಂಟೆ ದಾರಿಯ ಶಿವಮೊಗ್ಗದಲ್ಲಿ ಕರೆಂಟು ಮಂಗಳೂರಿನ ಮೆಸ್ಕಾಂನದು. ಹಾಲು ಮಾತ್ರ ಶಿವಮೊಗ್ಗದ ಒಕ್ಕೂಟಕ್ಕೆ. ನೆಂಟರ ಗದ್ದೆಗೆ ಬರುವ ಭದ್ರಾ ನಾಲೆಯ ನೀರಿನ ಸರದಿ ಅಚ್ಚುಕಟ್ಟು ಪ್ರಾಧಿಕಾರವಾದ ಕಾಡಾದ ಸಮಿತಿಯದು. ಪಹಣಿ ಭೂಮಿ ತಂತ್ರಾಂಶದಲ್ಲಿ. ಒಂದೊಂದಕ್ಕೂ ಒಂದೊಂದು ದೂರು ಸಂಖ್ಯೆ, ಒಂದೊಂದು ನಾಗರಿಕ ಸನ್ನದು.

‘ಸಮಗ್ರ ನಿರ್ವಹಣಾ ವ್ಯವಸ್ಥೆ’ ಎಂದರೆ ಇವನ್ನೆಲ್ಲ ಕೂಡಿಸಿ ನೋಡುವುದು ಎಂದುಕೊಂಡಿದ್ದೆ. ಅಲ್ಲವಂತೆ. ಒಂದು ಸಂಸ್ಥೆ ತನ್ನೊಳಗಿನ ಗುಣಮಟ್ಟ, ಪರಿಸರ, ಸುರಕ್ಷತೆಯ ಕಡತಗಳನ್ನು ಒಂದೇ ಕಪಾಟಿಗೆ ತರುವುದಂತೆ. ಎಲ್ಲ ಸಂಸ್ಥೆಗಳ ಕೆಲಸ ಕೂಡುವ ಜಾಗ ಆ ರೈತನ ಅಂಗಳ. ಕರೆಂಟು ಬರುವ ಹೊತ್ತಿಗೆ ಮೋಟಾರು, ಲಾರಿ ಬರುವ ಮೊದಲು ಹಾಲು. ಹೊಂದಿಸುವವಳು ಆತನ ಹೆಂಡತಿ. ಆಕೆಗೆ ತಪಾಸಣೆಯೂ ಇಲ್ಲ, ರಜೆಯೂ ಇಲ್ಲ.

2023ರ ಬರದಲ್ಲಿ ಭದ್ರಾ ನೀರನ್ನು ಸತತವಾಗಿ ಬಿಡಿ ಎಂದು ದಾವಣಗೆರೆ ಕಡೆಯ ಭತ್ತದವರು ಬೀದಿಗಿಳಿದರು, ಬೇಸಿಗೆಗೆ ಉಳಿಸಿ ಎಂದು ಅಡಿಕೆ ತೋಟದವರು ಹಟ ಹಿಡಿದರು. ಎರಡೂ ಕಡೆಯವರು ಕೇಳಿದ್ದು ‘ನಿರಂತರತೆ’ಯನ್ನೇ.

*

ಮತ್ತೆ ಹೊನ್ನಾಳಿ, ಹೊಳೆ ದಂಡೆ. ತುಂಗೆ ಭದ್ರೆ ಕೂಡುವ ಕೂಡ್ಲಿ ಇಲ್ಲಿಂದ ಮೇಲೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಆಮೇಲೆ ಬಂದ ನೀರೆಲ್ಲ ಕೆಳಕ್ಕೆ. ದಂಡೆಯ ಮನೆಯವರ ಬಳಿ ಬರೆದಿಟ್ಟ ಯೋಜನೆ ಯಾವುದೂ ಇಲ್ಲ. ಗಾಜನೂರಿನಲ್ಲಿ ಎಷ್ಟು ಬಿಟ್ಟರು ಎಂಬ ಸುದ್ದಿ ಕೇಳಿಯೇ ಟ್ರಂಕು, ಅಕ್ಕಿ ಚೀಲ ಅಟ್ಟಕ್ಕೆ ಏರುತ್ತವೆ.

*

ಜಗಳೂರು. ಕಪ್ಪು ಮಣ್ಣು, ಮೆಕ್ಕೆಜೋಳ, ಆಳದ ಬೋರು. ತುಂಗಭದ್ರೆಯ ನೀರನ್ನು ಹರಿಹರ ತಾಲ್ಲೂಕಿನಿಂದ ಪಂಪು ಮಾಡಿ ಇಲ್ಲಿನ ಕೆರೆಗಳಿಗೆ ತರುವ 57 ಕೆರೆ ಯೋಜನೆಯ ಮಾತು ಎಲ್ಲರ ಬಾಯಲ್ಲೂ. ಅದೂ ನಿಂತಿರುವುದು ಕರೆಂಟಿನ ಮೇಲೆ.

ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಗುತ್ತಿತ್ತು, ಟ್ರೇಲರಿನಲ್ಲಿ ಎಣ್ಣೆ ಸೋರುವ ಟ್ರಾನ್ಸ್‌ಫಾರ್ಮರ್, ಕದಲದಂತೆ ಹುಲ್ಲಿನ ಕಟ್ಟು, ಹಗ್ಗ. ಹೊಲದವರೇ ಚಂದಾ ಎತ್ತಿ ರಿಪೇರಿಗೆ ಒಯ್ಯುತ್ತಿದ್ದರು. ಗಡುವು ಮೀರಿದರೆ ಕಂಪನಿ ಪರಿಹಾರ ಕೊಡಬೇಕು, ಅದೂ ಕಟ್ಟಳೆಯಲ್ಲಿದೆ ಎಂದೆ. ಟ್ರ್ಯಾಕ್ಟರಿನಲ್ಲಿದ್ದ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರ್ಜಿ ಕೊಡುತ್ತೀರಾ ಎಂದು ಕೇಳಿದೆ. ಡ್ರೈವರ್ ಸೀಟಿನಲ್ಲಿದ್ದ ಹಿರಿಯರು ಎಂಜಿನ್ ಆರಿಸದೆಯೇ ಹೇಳಿದರು: ‘ಯಾರ ಮ್ಯಾಲೆ ಕೊಡೋಣ್ರೀ? ಲೈನ್‌ಮನ್ ನಮ್ಮ ಹುಡುಗ. ರಾತ್ರಿ ಹನ್ನೊಂದಕ್ಕೆ ಫೋನ್ ಹಚ್ಚಿದ್ರೂ ಬರ್ತಾನ.’