ಆನೆ ಮಾಲೆ ಹಾಕುವವರೆಗೆ

ನಮ್ಮಜ್ಜಿಯ ಕಥೆಗಳಲ್ಲಿ ರಾಜರು ಬಹು ಸುಲಭವಾಗಿ ಸಾಯುತ್ತಿದ್ದರು. ಮಕ್ಕಳಿಲ್ಲದ ರಾಜ ಸತ್ತ, ಮಂತ್ರಿಗಳು ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಊರೊಳಗೆ ಬಿಟ್ಟರು, ಅದು ಅರಳೀಕಟ್ಟೆಯ ಮೇಲೆ ಮಲಗಿದ್ದ ಬಡ ಹುಡುಗನ ಕೊರಳಿಗೆ ಮಾಲೆ ಹಾಕಿತು, ಕಥೆ ಮುಗಿಯಿತು. ರಾಜ ಸತ್ತದ್ದಕ್ಕೂ ಮಾಲೆ ಬಿದ್ದದ್ದಕ್ಕೂ ನಡುವೆ ಅಜ್ಜಿ ಒಂದು ಸಲ ಎಲೆಯಡಿಕೆ ಹಾಕಿಕೊಳ್ಳುವಷ್ಟೇ ಹೊತ್ತು. ಆ ಹೊತ್ತಿನಲ್ಲಿ ಬೊಕ್ಕಸದ ಬೀಗದ ಕೈ ಯಾರ ಸೊಂಟದಲ್ಲಿತ್ತೆಂದು ನಾನು ಕೇಳಲಿಲ್ಲ, ಅಜ್ಜಿ ಹೇಳಲಿಲ್ಲ.

2025ರ ಮಳೆಗಾಲದಲ್ಲಿ ಕಾಲೇಜಿನ ಹುಡುಗರನ್ನು ಶಿಬಿರಕ್ಕೆಂದು ಹುಣಸೂರಿನ ಕಡೆಗೆ ಕರೆದೊಯ್ದಿದ್ದೆ. ಬಿಡುವಾದ ಒಂದು ಮಧ್ಯಾಹ್ನ ಗುರುಪುರಕ್ಕೆ ಹೋದೆ. ಹೊಗೆಸೊಪ್ಪು, ಮುಸುಕಿನ ಜೋಳಗಳ ನಡುವೆ ಸಾಗುವ ದಾರಿ. ನಮ್ಮ ಸೀಮೆಯೇ ಎಂದುಕೊಳ್ಳುತ್ತಿರುವಾಗ ಎದುರಿಗೆ ಬಣ್ಣಬಣ್ಣದ ಮಂತ್ರಪತಾಕೆಗಳು, ಕೆಂಪುವಸ್ತ್ರದ ಎಳೆಯ ಭಿಕ್ಷುಗಳು! 1972ರಲ್ಲಿ ನೆಲೆಗೊಂಡ ಟಿಬೆಟನ್ನರ ಊರು ಇದು. 1433ರಲ್ಲಿ ಸ್ಥಾಪಿತವಾದ ಗ್ಯುಮೆದ್ ತಾಂತ್ರಿಕ ಮಠವೂ ತನ್ನ ನಾಡನ್ನು ಬಿಟ್ಟು ಬಂದು ಇಲ್ಲಿಯೇ ನಿಂತಿದೆ.

ಕನ್ನಡ ಪಾಠ ಹೇಳುವವನಿಗೆ ಟಿಬೆಟ್ ಎಂದರೆ ಕಿನ್ನರ ಲೋಕವೇ. ಕೈಲಾಸವಿರುವುದು ಅಲ್ಲಿ, ಮಾನಸ ಸರೋವರವಿರುವುದು ಅಲ್ಲಿ. ಕವಿಗಳ ಮಾತನ್ನು ನಂಬುವುದಾದರೆ ಕುಬೇರನ ಅಲಕಾನಗರಿಯೂ ಅಲ್ಲಿಯೇ. ಈ ಭ್ರಮೆ ನನಗೊಬ್ಬನಿಗೇ ಅಲ್ಲ. ಜೇಮ್ಸ್ ಹಿಲ್ಟನ್ ಎಂಬ ಆಂಗ್ಲ ಕಾದಂಬರಿಕಾರ 1933ರಲ್ಲಿ ಅತ್ತ ಕಡೆಯ ಬೆಟ್ಟಗಳ ಮರೆಯಲ್ಲಿ ಶಾಂಗ್ರಿಲಾ ಎಂಬ ಜಗಳವಿಲ್ಲದ, ಮುಪ್ಪು ಹತ್ತಿರ ಸುಳಿಯದ ನಾಡೊಂದನ್ನು ಕಟ್ಟಿದ. ಲೋಕವೆಲ್ಲ ಓದಿ ನಿಟ್ಟುಸಿರಿಟ್ಟಿತು. ಅದೇ ವರ್ಷದ ಡಿಸೆಂಬರ್ 17ರಂದು ನಿಜವಾದ ಟಿಬೆಟ್ಟಿನಲ್ಲಿ 13ನೆಯ ದಲಾಯಿ ಲಾಮಾ ತೀರಿಕೊಂಡರು. ಅಜ್ಜಿ ಬಿಟ್ಟುಬಿಟ್ಟ ಆ ಎಲೆಯಡಿಕೆಯ ಹೊತ್ತು ಅಲ್ಲಿ ಆರಂಭವಾಯಿತು.

ಆನೆಯ ಬದಲು ಅಲ್ಲಿ ಸರೋವರವಿತ್ತು. ರಾಜಪ್ರತಿನಿಧಿಯಾಗಿ ನೇಮಕವಾದ ತರುಣ ರೆಟಿಂಗ್ ರಿನ್ಪೋಚೆ 1935ರಲ್ಲಿ ಲ್ಹಾಮೊ ಲಾತ್ಸೊ ಸರೋವರದ ದಡಕ್ಕೆ ಹೋಗಿ ನೀರಿನಲ್ಲಿ ಅಕ್ಷರಗಳನ್ನೂ ಒಂದು ಮಠವನ್ನೂ ಒಂದು ಮನೆಯನ್ನೂ ಕಂಡರಂತೆ. ಆ ಗುರುತು ಹಿಡಿದು ಹೋದವರಿಗೆ ಆಮ್ದೊ ಸೀಮೆಯ ತಕ್ತ್ಸೆರ್ ಎಂಬ ಹಳ್ಳಿಯ ರೈತನ ಮನೆಯಲ್ಲಿ ಮಗು ಸಿಕ್ಕಿತು. ತೀರಿಕೊಂಡವರ ಜಪಮಾಲೆಯನ್ನು ಕಂಡು ಅದು ‘ನನ್ನದು’ ಎಂದಿತು. 1940ರ ಫೆಬ್ರವರಿಯಲ್ಲಿ ಪಟ್ಟವೂ ಆಯಿತು. ಅಜ್ಜಿಯಾಗಿದ್ದರೆ ಇಲ್ಲಿಗೇ ಮಂಗಳ ಹಾಡುತ್ತಿದ್ದಳು. ಆದರೆ ನಾಲ್ಕು ವರ್ಷದ ಮಗು ರಾಜ್ಯವಾಳಲು ಬರುತ್ತದೆಯೇ? ಮರುವರ್ಷ ರೆಟಿಂಗ್ ಅಧಿಕಾರವನ್ನು ತಕ್ತ್ರಾ ಎಂಬ ವೃದ್ಧ ಲಾಮಾಗೆ ಒಪ್ಪಿಸಿದರು. ಮತ್ತೆ ಹಿಂದಕ್ಕೆ ಪಡೆಯುವ ಆಸೆ ಇಟ್ಟುಕೊಂಡೇ ಒಪ್ಪಿಸಿದರೆಂದು ಹೇಳುತ್ತಾರೆ. ಅದು ಹಿಂದಕ್ಕೆ ಬರಲಿಲ್ಲ. 1947ರಲ್ಲಿ ರೆಟಿಂಗರನ್ನು ಸೆರೆ ಹಿಡಿದರು. ಅವರ ಪರವಾಗಿ ಸೇರಾ ಮಠದ ಜೇ ವಿಭಾಗದ ಭಿಕ್ಷುಗಳು ಸರ್ಕಾರದ ಸೈನ್ಯದೊಡನೆ ಕಾದಾಡಿದರು. ರೆಟಿಂಗ್ ಸೆರೆಮನೆಯಲ್ಲಿಯೇ ಸತ್ತರು. ಸೇರಾ ಎಂದೆನಲ್ಲ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿರುವ ಮಠ ಅದೇ. ನಾವು ಮಕ್ಕಳನ್ನು ಕರೆದೊಯ್ದು ಅಂಗಳದಲ್ಲಿ ಪಟ ತೆಗೆಸಿಕೊಂಡು ಬರುತ್ತೇವೆ.

ಇನ್ನೂ ಹಿಂದಿನದನ್ನು ಕೇಳಿ. 5ನೆಯ ದಲಾಯಿ ಲಾಮಾ 1682ರಲ್ಲಿ ಕಣ್ಮುಚ್ಚಿದಾಗ ಪೊಟಾಲ ಅರಮನೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಆಡಳಿತ ನಡೆಸುತ್ತಿದ್ದ ಸಾಂಗ್ಯೆ ಗ್ಯಾತ್ಸೊ, ‘ಪ್ರಭುಗಳು ಧ್ಯಾನದಲ್ಲಿದ್ದಾರೆ’ ಎಂದು ಸುಮಾರು 15 ವರ್ಷ ಸಾವನ್ನು ಮುಚ್ಚಿಟ್ಟ! ನಮ್ಮ ಕಚೇರಿಗಳಲ್ಲಿ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎನ್ನುವವರು ಇವನ ಮುಂದೆ ಎಳೆಗೂಸುಗಳು. ಅರಮನೆಯೇನೋ ಎದ್ದಿತು, ಆದರೆ ಕೊನೆಗೆ 1705ರಲ್ಲಿ ಅವನ ತಲೆಯೂ ಹೋಯಿತು.

ನಗೆಯಾಡಿದೆನೇ ಹೊರತು ಈ ಸಂಗತಿ ನನಗೆ ಹೊಸದಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ‘ಹುಡುಗ ದೊಡ್ಡವನಾಗಲಿ’ ಎಂದು ಚಿಕ್ಕಪ್ಪ ಮನೆಯ ಯಜಮಾನಿಕೆ ವಹಿಸಿಕೊಂಡರು. ಮೋಸ ಮಾಡಿದರೇ? ಹೇಳಲಾರೆ. ಲೆಕ್ಕ ಬರೆದಿಡಲಿಲ್ಲ, ಅಷ್ಟೆ. ಕಣದಿಂದ ಹೊರಟ ಪ್ರತಿಯೊಂದು ಭತ್ತದ ಮೂಟೆಯನ್ನೂ ಅಮ್ಮ ಕಿಟಕಿಯಲ್ಲಿ ನಿಂತು ಎಣಿಸುವಳು. ಅವಳು ಎಣಿಸುವುದನ್ನು ಚಿಕ್ಕಪ್ಪ ನೋಡುವರು. ಹದಿನೆಂಟು ತುಂಬಿದ ವರ್ಷ ನಾನು ಲೆಕ್ಕ ಕೇಳಿದೆ. ಅವರು ಊಟದ ನಡುವೆ ಎದ್ದು ಕೈ ತೊಳೆದರು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ಈಗ ಅವರೂ ಇಲ್ಲ.

ಗುರುಪುರದ ಚಹದ ಅಂಗಡಿಯಲ್ಲಿ ಎಂಬತ್ತು ದಾಟಿದ ರೈತರೊಬ್ಬರು ನನಗಾಗಿ ಬೆಂಚಿನಲ್ಲಿ ಜಾಗ ಬಿಟ್ಟರು. ‘ಕುಂತ್ಕಳಿ ಮೇಷ್ಟ್ರೇ’ ಎಂದರು. ಅಪ್ಪಟ ಹುಣಸೂರು ಕನ್ನಡ. 1959ರ ಮಾರ್ಚ್ 17ರ ರಾತ್ರಿ 14ನೆಯ ದಲಾಯಿ ಲಾಮಾ ಸಿಪಾಯಿಯ ವೇಷದಲ್ಲಿ ಲಾಸಾ ಬಿಟ್ಟರು. ಮೂರು ದಿನಗಳ ಮೇಲೆ ಚೀನೀ ಸೈನ್ಯ ನೊರ್ಬುಲಿಂಗ್ಕ ಅರಮನೆಯ ಮೇಲೆ ಗುಂಡು ಸುರಿಸಿದಾಗ, ಸುತ್ತ ಕಾವಲು ನಿಂತಿದ್ದ ಜನರಲ್ಲಿ ಬಹುಮಂದಿಗೆ ಒಳಗೆ ಅವರಿಲ್ಲವೆಂಬುದೇ ತಿಳಿಯದು. ಇವರು ಆಗ ದೂರದ ಹಳ್ಳಿಯ ಹುಡುಗ. ‘ಅರಮನೇಲಿ ಅವರಿಲ್ಲ ಅಂತ ಸುದ್ದಿ ಬಂತು. ನಮ್ಮಪ್ಪ ಮನೆ ಬಾಗಿಲಿಗೆ ಬೀಗ ಹಾಕಿ ಕೈ ಜೇಬಲ್ಲಿಟ್ಕಂಡ್ರು. ಆ ಬೀಗದ ಕೈ ಈಗಲೂ ಅದೆ’ ಎಂದರು.

ಈಗಿನ ಮಾತು ಬಂತು. 2011ರಲ್ಲಿಯೇ ದಲಾಯಿ ಲಾಮಾ ರಾಜ್ಯಾಧಿಕಾರವನ್ನು ಚುನಾಯಿತರಿಗೆ ಬಿಟ್ಟುಕೊಟ್ಟರು. 2025ರ ಜುಲೈ 2ರಂದು, 90 ತುಂಬುವ ನಾಲ್ಕು ದಿನ ಮುಂಚೆ, ಪೀಠ ಮುಂದುವರಿಯುವುದೆಂದೂ ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೊಡ್ರಾಂಗ್ ಸಂಸ್ಥೆಯದೇ ಎಂದೂ ಸಾರಿದರು. ತನ್ನ ಒಪ್ಪಿಗೆಯಿಲ್ಲದೆ ಯಾರೂ ಪುನರ್ಜನ್ಮವೆತ್ತಕೂಡದೆಂದು ಚೀನಾ ಸರ್ಕಾರ 2007ರಲ್ಲಿಯೇ ಕಟ್ಟಳೆ ಮಾಡಿದೆ. 1995ರಲ್ಲಿ ಪಂಚೆನ್ ಲಾಮಾ ಎಂದು ದಲಾಯಿ ಲಾಮಾ ಗುರುತಿಸಿದ ಆರು ವರ್ಷದ ಬಾಲಕನನ್ನು ಮೂರೇ ದಿನಗಳಲ್ಲಿ ಅದು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಹೊರಗಿನವರಾರೂ ಅವನನ್ನು ಕಂಡಿಲ್ಲ.

‘ಮುಂದಿನವರು ಸಿಗುತ್ತಾರೆಯೇ ಯಜಮಾನರೇ?’ ಎಂದೆ. ಕೇಳಬಾರದಿತ್ತೇನೋ.

ಅವರು ಲೋಟವನ್ನು ಕೆಳಗಿಟ್ಟರು. ‘ಮಗು ಸಿಗ್ತದೆ ಬುಡಿ. ಅದು ದೊಡ್ಡದಾಗೋಗಂಟ ಇಪ್ಪತ್ತು ವರ್ಷ ಆಗ್ತದೆ. ಅಲ್ಲೀಗಂಟ ನಮ್ಮೋರು ಒಬ್ಬರ ಮುಖ ಒಬ್ಬರು ನೋಡ್ಕಂಡು ಇರಬೇಕಲ್ಲ, ಅದೇ ಯೋಚನೆ.’

ನಾನು ಚಿಕ್ಕಪ್ಪ ಕೈ ತೊಳೆದ ಸಂಗತಿ ಹೇಳಿಬಿಟ್ಟೆ. ಅಪರಿಚಿತರೆದುರು ಅದೇಕೆ ಬಾಯಿಗೆ ಬಂತೋ! ಅವರು ತಲೆಯಾಡಿಸುತ್ತ ಕೇಳಿ, ‘ನೀವು ಕೇಳಿದ್ದು ತಪ್ಪಲ್ಲ, ಊಟದ ಹೊತ್ತಲ್ಲಿ ಕೇಳಬಾರದಾಗಿತ್ತು’ ಎಂದರು. ಅಷ್ಟರಲ್ಲಿ ಬಸ್ಸು ಬಂತು. ಅವರೂ ಟಾರ್ಚು ಹಿಡಿದು ಎದ್ದರು. ನಾಗರಹೊಳೆ ಕಾಡಿನ ಆನೆ ಜೋಳಕ್ಕೆ ಬಿದ್ದಿದೆಯಂತೆ. ಆ ರಾತ್ರಿಯ ಕಾವಲು ಅವರದು.