‘ಓಕೆ’ ಎಂಬ ಒಪ್ಪಿಗೆಯು

ಇಂಗ್ರೇಜಿಯ ಅಕ್ಷರಮಾಲೆಯನ್ನೂ ಕಲಿಯದವರ ಬಾಯಲ್ಲಿ ಸಲೀಸಾಗಿ ಹೊರಳುವ ಇಂಗ್ರೇಜಿ ಶಬ್ದವು ಯಾವದೆಂದು ಯಾರಾದರೂ ಕೇಳಿದರೆ, ‘ಓಕೆ’ ಎಂದೇ ನಾವು ಹೇಳುವೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಗೆ ಮಾಸ್ತರಿಕೆ ಮಾಡಿ ನಿವೃತ್ತರಾದ ನಮಗೆ ಈ ಸೀಮೆಯ ಮಾತು ಕಿವಿಗೆ ರೂಢಿಯಾಗಿದೆ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನು ‘ಓಕೆ ರೀ ಯಜಮಾನ್ರ’ ಎನ್ನುವನು. ಮುದ್ದೇಬಿಹಾಳದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿಯು ‘ವೋಕೆ, ತಗೋ ಯಪ್ಪಾ’ ಎನ್ನುವಳು. ಆಡುವವರು ಅಸಂಖ್ಯ, ಆದರೆ ಈ ಶಬ್ದದ ಕುಲಗೋತ್ರಗಳನ್ನು ವಿಚಾರಿಸಿದವರು ವಿರಳ.

ಅದರ ಜನ್ಮವೃತ್ತಾಂತವು ಬಹು ವಿನೋದವಾದದ್ದು. ಅಮೇರಿಕೆಯ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಎಂಬ ವರ್ತಮಾನಪತ್ರದಲ್ಲಿ 1839ನೆಯ ಇಸವಿ ಮಾರ್ಚ್ 23ರಂದು ಅದು ಅಚ್ಚಾಯಿತು. ಆ ಕಾಲದಲ್ಲಿ ಅಲ್ಲಿಯ ಪತ್ರಿಕೆಯವರಿಗೆ ಒಂದು ಚಟವಿದ್ದಿತು. ಮಾತುಗಳನ್ನು ಬೇಕೆಂದೇ ತಪ್ಪಾಗಿ ಬರೆದು, ಆ ತಪ್ಪಿನ ಮೊದಲಕ್ಷರಗಳನ್ನಷ್ಟೇ ಉಳಿಸುವದು. ‘ಎಲ್ಲವೂ ಸರಿ’ ಎಂಬರ್ಥದ ‘ಆಲ್ ಕರೆಕ್ಟ್’ ಎಂಬುದಕ್ಕೆ ನ್ಯಾಯವಾಗಿ ‘ಎ’ ಮತ್ತು ‘ಸಿ’ ಬರತಕ್ಕವು. ಇವರು ಕಿವಿಗೆ ಕೇಳಿದಂತೆ ‘ಓ’ ಮತ್ತು ‘ಕೆ’ ಇಟ್ಟರು. ಎಲ್ಲವೂ ಸರಿಯೆಂದು ಸಾರುವ ಶಬ್ದದಲ್ಲಿ ಒಂದಕ್ಷರವಾದರೂ ಸರಿಯಿಲ್ಲ! ನಮ್ಮ ತರಗತಿಯ ಹುಡುಗನು ಹೀಗೆ ಬರೆದಿದ್ದರೆ ಕಿವಿ ಹಿಂಡಿಸಿಕೊಳ್ಳುತ್ತಿದ್ದನು.

ಆಗ ಹುಟ್ಟಿದ ಇಂಥ ಚೇಷ್ಟೆಯ ಶಬ್ದಗಳಲ್ಲಿ ಬಹುತೇಕ ಎಲ್ಲವೂ ಅಳಿದುಹೋದವು. ಇದೊಂದು ಉಳಿದದ್ದಕ್ಕೆ ಮರುವರುಷದ ಚುನಾವಣೆಯು ಕಾರಣವಾಯಿತು. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಎಂಬವರು ಪುನಃ ಸ್ಪರ್ಧಿಸಿದರು. ಅವರ ಹುಟ್ಟೂರು ಕಿಂಡರ್‌ಹುಕ್. ‘ಕಿಂಡರ್‌ಹುಕ್ಕಿನ ಹಿರಿಯ’ ಎಂಬರ್ಥದ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅವರ ಅಡ್ಡಹೆಸರಿನ ಮೊದಲಕ್ಷರಗಳೂ ‘ಓ’, ‘ಕೆ’ ಆಗಲು, ಅನುಯಾಯಿಗಳು ‘ಓಕೆ’ ಸಂಘಗಳನ್ನೇ ಕಟ್ಟಿದರು. ವ್ಯಾನ್ ಬ್ಯೂರೆನ್ನರು ಸೋತರು, ಶಬ್ದವು ಗೆದ್ದಿತು. ಈ ಸಂಗತಿಗಳನ್ನು ಹಳೆಯ ಪತ್ರಿಕೆಗಳನ್ನು ಶೋಧಿಸಿ ಸಿದ್ಧಪಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್ ಎಂಬ ಪ್ರಾಧ್ಯಾಪಕರು. ಅವರ ಲೇಖನಗಳು 1963 ಮತ್ತು 1964ರಲ್ಲಿ ಪ್ರಕಟವಾದವು. ಅದಕ್ಕೂ ಮುಂಚೆ ಇದು ಅಲ್ಲಿಯ ಮೂಲನಿವಾಸಿಗಳಾದ ಚಾಕ್ಟಾ ಜನರ ಶಬ್ದವೆಂದು ಅನೇಕರು ನಂಬಿದ್ದರು. ಅಧ್ಯಕ್ಷ ವುಡ್ರೋ ವಿಲ್ಸನ್ನರು ಆ ನಂಬಿಕೆಗೆ ಅನುಗುಣವಾಗಿಯೇ ಅದನ್ನು ಬೇರೆ ಕಾಗುಣಿತದಿಂದ ಬರೆಯುತ್ತಿದ್ದರು.

ನಮ್ಮ ಮಿತ್ರರೊಬ್ಬರು ಇದಕ್ಕಿಂತ ಮುಂದೆ ಹೋಗಿ, ‘ಓಕೆ’ಯು ‘ಓಂ’ಕಾರದಿಂದ ಬಂದದ್ದೆಂದು ಸಾಧಿಸುತ್ತಿರುವರು. ಧ್ವನಿ ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿಯಾಗುವದಿಲ್ಲ. ಆದರೂ ಅವರ ಮಾತಿನ ನೆರೆಯಲ್ಲಿ ಒಂದು ಸತ್ಯವಿದೆ. ಓಂಕಾರವು ಅನುಮತಿಯ ಅಕ್ಷರವೆಂದು ಛಾಂದೋಗ್ಯೋಪನಿಷತ್ತಿನ ಮೊದಲ ಖಂಡದಲ್ಲಿಯೇ ಹೇಳಿದೆ. ಒಬ್ಬನು ಯಾವುದಕ್ಕಾದರೂ ಸಮ್ಮತಿಸುವಾಗ ‘ಓಂ’ ಎನ್ನುವದುಂಟೆಂಬುದೇ ಅಲ್ಲಿಯ ಕಾರಣ. ‘ಬಾಢಂ’, ‘ತಥಾಸ್ತು’ ಎಂಬಿವೂ ಸಂಸ್ಕೃತದ ಒಪ್ಪಿಗೆಯ ಮಾತುಗಳೇ.

ನಮ್ಮ ಸೀಮೆಯ ಕನ್ನಡದಲ್ಲಿ ಈ ವಿಷಯಕ್ಕೆ ಎಷ್ಟು ಸೂಕ್ಷ್ಮವಿದೆಯೆಂಬುದನ್ನು ವಾಚಕರು ಲಕ್ಷ್ಯಗೊಟ್ಟು ನೋಡಬೇಕು. ಅಜ್ಜಿಯು ಕಥೆ ಹೇಳುವಾಗ ಮಗುವು ‘ಹೂಂ’ ಎನ್ನುತ್ತಿರುವದು. ಅಂದರೆ ‘ಕೇಳುತ್ತಿರುವೆನು, ಮುಂದೆ ಹೇಳು’ ಎಂದಿಷ್ಟೇ. ‘ಹೌದ್ರಿ’ ಎಂದರೆ ಹೇಳಿದ್ದು ನಿಜವೆಂದಾಯಿತು. ಲೆಕ್ಕ ಕೂಡಿದರೆ ‘ಬರೋಬರಿ’. ಇದು ಪಾರಸಿಯ ‘ಬರಾಬರ್’, ಎಂದರೆ ಸಮಸಮ. ವಿಜಾಪುರದ ಆದಿಲಶಾಹಿ ದರಬಾರವು 1686ರಲ್ಲಿ ಮುಗಿದುಹೋದರೂ ಪಾರಸಿಯ ಇಂಥ ಮಾತುಗಳು ನಮ್ಮ ಹೊಲಮನೆಗಳಲ್ಲಿ ಇನ್ನೂ ಉಳಿದಿವೆ. ಆದುದರಿಂದ ಪರಭಾಷೆಯ ಶಬ್ದವು ಬಂತೆಂದು ನಾವು ಮುನಿಯುವವರಲ್ಲ.

ಇವೆಲ್ಲಕ್ಕಿಂತ ಮೇಲಿನದು ‘ಆತು’. ‘ನಾಳೆ ಬಿತ್ತಾಕ ಬಾರೋ’ ಎಂದರೆ ಆಳು ‘ಆತ್ರಿ’ ಎನ್ನುವನು. ಕೆಲಸವು ನಾಳಿನದು, ಕ್ರಿಯಾಪದವು ಭೂತಕಾಲದ್ದು! ‘ಆಯಿತು’ ಎಂಬುದರ ಸವೆದ ರೂಪವೇ ಇದಲ್ಲವೇ? ಮುಂದಾಗಲೆಂದು ಆಶಿಸುವದನ್ನು ಆಗಿಹೋದದ್ದರಂತೆ ಹೇಳಲು ಪಾಣಿನಿಯೂ ಒಂದು ಸೂತ್ರದಲ್ಲಿ ಅನುಮತಿ ಕೊಟ್ಟಿರುವನು. ‘ಆತು’ ಎಂದವನು ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿದವರ ಪಂಕ್ತಿಯಲ್ಲಿ ಕುಳಿತಂತೆ; ಹಿಂದೆ ಸರಿಯಲು ಅವನಿಗೆ ಎಡೆಯಿಲ್ಲ. ಬಸವಣ್ಣನವರ ಬಾಗೇವಾಡಿಯನ್ನು ಒಳಗೊಂಡ ಈ ನಾಡಿನಲ್ಲಿ ‘ವಚನ’ ಎಂಬ ಒಂದೇ ಶಬ್ದವು ನುಡಿಗೂ ಕೊಟ್ಟ ಭಾಷೆಗೂ ಸಲ್ಲುವದು.

‘ಓಕೆ’ಯಲ್ಲಿ ‘ಹೂಂ’ ಮತ್ತು ‘ಆತು’ ಎರಡೂ ಕಲಸಿಹೋಗಿವೆ. ನಮ್ಮ ತಕರಾರು ಇಷ್ಟೇ. ಇದರಿಂದ ಆಗುವ ಹಾನಿಯು ಬರೀ ವ್ಯಾಕರಣದ್ದಲ್ಲ. ನಮ್ಮ ಸೋದರಳಿಯನಿಗೆ ಇಂಡಿಯ ಹತ್ತಿರ ಲಿಂಬಿಯ ತೋಟವಿದೆ. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವನು ವ್ಯಾಪಾರಿಯೊಬ್ಬನಿಗೆ ಫೋನು ಮಾಡಿ ದರ ಹೇಳಿ, ‘ನಾಳೆ ಹರಿಸ್ತೀನ್ರಿ, ಗಾಡಿ ಕಳಸ್ರಿ’ ಎಂದನು. ಆ ಕಡೆಯಿಂದ ‘ಓಕೆ’ ಎಂದು ಉತ್ತರ ಬಂತು. ಬೆಳಿಗ್ಗೆ ಹೆಣ್ಣಾಳುಗಳನ್ನು ಹಚ್ಚಿ 12 ಚೀಲ ತುಂಬಿಸಿ, ಕೂಲಿಯನ್ನೂ ಕೊಟ್ಟನು. ಗಾಡಿ ಬರಲಿಲ್ಲ. ಕೇಳಿದರೆ, ‘ನೀವು ಹೇಳಿದ್ದು ಕೇಳ್ತು ಅಂತ ಓಕೆ ಅಂದೀನಿ. ಆ ದರಕ್ಕ ಒಪ್ಪೀನಿ ಅಂತ ಯಾವಾಗ ಅಂದೀನ್ರಿ?’ ಎಂದನಂತೆ. ಸುಳ್ಳೆನ್ನಲು ಬಾರದು, ಶಬ್ದಕ್ಕೆ ಆ ಅರ್ಥವೂ ಉಂಟಷ್ಟೆ. ಮೂರು ದಿವಸಕ್ಕೆ ಹಣ್ಣು ಬಾಡತೊಡಗಿ, ಬಂದ ಬೆಲೆಗೆ ಮಾರಬೇಕಾಯಿತು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎಣಿಸಿದ್ದ ಹಣವದು. ಅದನ್ನು ಹೆಂಡತಿಯ ತವರಿನಿಂದ ಕೈಗಡ ತಂದನು.

ಈಚೆಗೆ ಎಳೆಯರು ‘ಓ’ವನ್ನೂ ಬಿಟ್ಟು ಫೋನಿನಲ್ಲಿ ‘ಕೆ’ ಎಂದಷ್ಟೇ ಬರೆದು ಕಳಿಸುವರು. ‘ಎಲ್ಲವೂ ಸರಿ’ಯಲ್ಲಿಯ ‘ಎಲ್ಲವೂ’ ಹೋಗಿ, ತಪ್ಪಾಗಿ ಬರೆದ ‘ಸರಿ’ ಮಾತ್ರ ಉಳಿಯಿತು! ನಮ್ಮ ಮೊಮ್ಮಗಳ ಇಂಥದೊಂದು ‘ಕೆ’ಯನ್ನು ನೋಡಿ ಮನೆಯಾಕೆಯು, ಕೂಸಿಗೆ ಸಿಟ್ಟು ಬಂದಿದೆಯೋ ಏನೋ ಎಂದು ಅರ್ಧ ತಾಸು ಚಿಂತಿಸಿದಳು.

ಅಳಿಯನಂತೂ ಈಗ ಒಂದು ರೂಢಿ ಮಾಡಿಕೊಂಡಿರುವನು. ವ್ಯಾಪಾರಿಯು ‘ಓಕೆ’ ಎಂದೊಡನೆ, ‘ಓಕೆ ಅಂದ್ರ ಹೂಂ ಅನ್ನೂದೋ, ಆತು ಅನ್ನೂದೋ? ಕನ್ನಡದಾಗ ಹೇಳ್ರಿ’ ಎಂದು ಕೇಳುವನು. ಕೆಲವರು ನಕ್ಕು ‘ಆತ್ರಿ’ ಎನ್ನುವರಂತೆ. ಇನ್ನು ಕೆಲವರು ದರದ ಮಾತನ್ನು ಪುನಃ ಮೊದಲಿನಿಂದ ತೆಗೆಯುವರಂತೆ.